ಮುಚ್ಚಳ ತೆಗೆದವನ ಹೇಳಿಕೆ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಿಯಮಗಳ ಪುಸ್ತಕ ಕೊಡುತ್ತಾರಲ್ಲ, ಅದರ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ. ತೋಳು ಭುಜದಿಂದ ಹೋದರೆ ಎಷ್ಟು ಪರಿಹಾರ, ಮೊಣಕೈ ಕೆಳಗೆ ಹೋದರೆ ಎಷ್ಟು, ಒಂದು ಕಣ್ಣು ಹೋದರೆ ಎಷ್ಟು, ಹೆಬ್ಬೆರಳಿನ ಒಂದು ಗೆಣ್ಣು ಹೋದರೆ ಎಷ್ಟು ಎಂದು ಮನುಷ್ಯನ ಮೈಯನ್ನು ತುಂಡುತುಂಡಾಗಿ ಬರೆದಿಟ್ಟ ಪಟ್ಟಿ. ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ. ಆರು ತಿಂಗಳು ಕಳೆಯುವಷ್ಟರಲ್ಲಿ ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದೆ. ನಿಮಗೂ ಹಾಗೇ ಆಗುತ್ತದೆ. ಆಗಬಾರದು ಎಂದು ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಆದಾಗ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ. ನನಗೆ ಯಾವ ವರ್ಷ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾವ ಬಣ್ಣದ ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆದು ಕಾಗದ ಹಾಳು ಮಾಡುವುದಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ನಲವತ್ತರ ದಶಕದ ಮೊದಲ ವರ್ಷಗಳಲ್ಲಿ, ರಾಯಚೂರಿನಲ್ಲಿ. ಹೊರಗೆ ಮಹಾಯುದ್ಧ, ನಮ್ಮಲ್ಲಿ ನಿಜಾಮರ ಆಡಳಿತ. ನಮ್ಮದು ಮಾನ್ವಿಯ ವೈಷ್ಣವ ಮನೆತನ. ತಂದೆ ಗುಡಿಯ ಪೂಜೆ ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಓಣಿಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಕಚೇರಿಯ ಭಾಷೆ ಉರ್ದು. ಶಾಲೆಯಲ್ಲಿ ಉರ್ದು ಚೆನ್ನಾಗಿ ಕಲಿತಿದ್ದರಿಂದ ನನಗೆ ಮುನ್ಷಿಯ ಕೆಲಸ ಸಿಕ್ಕಿತು. ಗಿರಣಿಗಳಲ್ಲಿ ಗಾಯಗೊಂಡ ಕೂಲಿಕಾರರು ಪರಿಹಾರಕ್ಕೆ ಅರ್ಜಿ ಹಾಕಿದರೆ, ಅವರು ಕನ್ನಡದಲ್ಲಿ ಹೇಳಿದ್ದನ್ನು ಉರ್ದುವಿನಲ್ಲಿ ಬರೆದು ತೀರ್ಪು ಕೊಡುವ ಸಾಹೇಬರ ಮುಂದಿಡುವುದು ನನ್ನ ಪಾಲಿನ ಕೆಲಸ. ಸಾಹೇಬರು ಹೈದರಾಬಾದಿನಿಂದ ಬಂದವರು, ನ್ಯಾಯವಾಗಿ ನಡೆಯಬೇಕೆಂಬ ಹಟದವರು. ಆದರೆ ಅವರು ಹೇಳಿಕೆಯನ್ನು ಕಾಗದದ ಮೇಲೆ ಓದುತ್ತಿದ್ದರೇ ಹೊರತು ಹೇಳಿದವನ ಬಾಯಿಂದ ಕೇಳುವುದು ಅಪರೂಪ. ಗಾಯಗೊಂಡವನಿಗೂ ತೀರ್ಪು ಕೊಡುವವರಿಗೂ ನಡುವೆ ಇದ್ದವನು ನಾನೊಬ್ಬನೇ. ಅದು ಎಷ್ಟು ಭಾರದ ಜಾಗ ಎಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೆ ಹೊಳೆಯಲಿಲ್ಲ. ಒಳ್ಳೆಯ ಅಕ್ಷರ, ಒಳ್ಳೆಯ ಲೇಖಣಿ, ಬೇಗ ಮುಗಿಯುವ ಕೆಲಸ ಎಂದು ಬೀಗುತ್ತಿದ್ದೆ.

ಕೆಲಸ ಕಲಿಸಿದವರು ನಮ್ಮ ಪೇಶ್ಕಾರರಾದ ಖಾದರ್ ಸಾಹೇಬರು. ಪೇಶ್ಕಾರ್ ಎಂದರೆ ಕಡತಗಳನ್ನು ಸಿದ್ಧಮಾಡಿ ಅಧಿಕಾರಿಯ ಮುಂದೆ ಇಡುವ ಹಿರಿಯ ಗುಮಾಸ್ತ. ಅವರು ರಾಯಚೂರಿನವರೇ, ಕನ್ನಡ ನಮ್ಮಂತೆಯೇ ಆಡುತ್ತಿದ್ದರು. ಸೇರಿದ ಹೊಸದರಲ್ಲಿ ಮಾನ್ವಿಯ ಶೇಂಗಾ ಎಣ್ಣೆ ಗಿರಣಿಯವನೊಬ್ಬನ ಹೇಳಿಕೆಯಲ್ಲಿ ನಾನು ‘ಬೆರಳು ಹೋಗಿದೆ’ ಎಂದಷ್ಟೇ ಬರೆದುಬಿಟ್ಟಿದ್ದೆ. ಯಾವ ಬೆರಳು, ಎಷ್ಟು ಗೆಣ್ಣು, ಯಾವ ಕೈ, ಒಂದೂ ಇಲ್ಲ. ಖಾದರ್ ಸಾಹೇಬರು ಬೈಯಲಿಲ್ಲ. ನನ್ನ ಎರಡೂ ಕೈ ಮೇಜಿನ ಮೇಲೆ ಇಡಿಸಿ, ಒಂದೊಂದು ಗೆಣ್ಣಿಗೂ ಮಸಿಯಲ್ಲಿ ಗೆರೆ ಎಳೆದು, ಆ ಕೈ ಇಟ್ಟುಕೊಂಡೇ ದಿನವಿಡೀ ಕೆಲಸ ಮಾಡಿಸಿದರು. ಅಂದಿನಿಂದ ಯಾರ ಕೈ ಕಂಡರೂ ಮನಸ್ಸಿನಲ್ಲೇ ಗೆಣ್ಣು ಎಣಿಸುವ ಚಟ ನನಗೆ ಅಂಟಿಕೊಂಡಿತು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಬಿಡಲಿಲ್ಲ.

ಅವರು ಕಲಿಸಿದ ಇನ್ನೊಂದು ಪಾಠ ಇದಕ್ಕಿಂತ ಮುಖ್ಯವಾದದ್ದು. ಹೇಳಿಕೆ ಬರೆದುಕೊಳ್ಳಲು ಒಂದು ಅಚ್ಚಾದ ನಮೂನೆ ಇತ್ತು. ಸಾಲಾಗಿ ಪ್ರಶ್ನೆಗಳು, ಎದುರಿಗೆ ಉತ್ತರಕ್ಕೆ ಒಂದೆರಡು ಗೆರೆಯ ಜಾಗ. ಹಳ್ಳಿಯವರು ಕೈ ಮುರಿದದ್ದನ್ನು ಹೇಳಲು ಅಜ್ಜನ ಕಾಲದಿಂದ ಶುರು ಮಾಡುತ್ತಾರೆ, ಹಾಗೆ ಬಿಟ್ಟರೆ ದಿನಕ್ಕೆ ಒಬ್ಬನದೂ ಮುಗಿಯುವುದಿಲ್ಲ ಎನ್ನುತ್ತಿದ್ದರು. ಸವಾಲಿಗೆ ಜವಾಬು ಅಷ್ಟೇ ಬರೆಯಬೇಕು, ಅದರಾಚೆಗೆ ಹೋದರೆ ಕೈ ಎತ್ತಿ ನಿಲ್ಲಿಸಬೇಕು. ನಾನು ಈ ವಿದ್ಯೆಯನ್ನು ಬಹಳ ಬೇಗ ಕಲಿತೆ.

ಕಲಿತದ್ದು ಹೇಗೆ ಮೈಗಂಟಿತ್ತು ಎನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಿಂದ ಒಬ್ಬ ಮುದುಕ ಬಂದಿದ್ದ. ಯಾರದೋ ಹೊಲದಲ್ಲಿ ಬಾವಿ ತೋಡುವಾಗ ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಹೋಗಿತ್ತು. ನಮ್ಮ ನಿಯಮ ಯಂತ್ರವಿರುವ ಗಿರಣಿ, ಕಾರ್ಖಾನೆಗಳಿಗೆ. ಹೊಲದ ಬಾವಿ ಅದರಲ್ಲಿ ಬರುತ್ತಿರಲಿಲ್ಲ. ಅವನು ಬಾಗಿಲಲ್ಲಿ ನಿಂತಿರುವಾಗಲೇ, ಮೊದಲ ಎರಡು ಮಾತಿಗೇ, ಇದು ಇಲ್ಲಿ ನಡೆಯುವುದಿಲ್ಲ ಎಂದುಬಿಟ್ಟೆ. ಅವನು ಕೈಮುಗಿದು ಹೊರಟುಹೋದ. ನಿಯಮದ ಪ್ರಕಾರ ನಾನು ಹೇಳಿದ್ದು ಸರಿ. ಆದರೆ ಅಷ್ಟು ದೂರದಿಂದ ಬಂದವನಿಗೆ ಕೂತುಕೋ ಎನ್ನಲಿಲ್ಲ, ನೀರು ಬೇಕೇ ಎಂದು ಕೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ, ಒಂದು ಅರ್ಜಿ ಕಡಿಮೆಯಾಯಿತು ಎಂದು ಸಮಾಧಾನವಾಗಿತ್ತು.

ಇಷ್ಟು ಹೇಳಿದ್ದು ತಿಪ್ಪಣ್ಣನ ವಿಷಯಕ್ಕೆ ಬರಲಿಕ್ಕೆ.

ತಿಪ್ಪಣ್ಣ ಮಾನ್ವಿ ತಾಲ್ಲೂಕಿನ ಕಲ್ಲೂರಿನವನು, ಮೂವತ್ತರ ಆಸುಪಾಸು. ರಾಯಚೂರು ಸ್ಟೇಷನ್ನಿನ ಆಚೆ ಇದ್ದ ಒಂದು ಹತ್ತಿ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸ ಅವನದು. ಹೆಂಡತಿ ಹನುಮವ್ವ ಅದೇ ಗಿರಣಿಯಲ್ಲಿ ಹತ್ತಿ ಹೊರುತ್ತಿದ್ದಳು. ಹಲ್ಲಿನ ಚಕ್ರಗಳ ನಡುವೆ ಸಿಕ್ಕು ಅವನ ಬಲಗೈ ನುಜ್ಜಾಯಿತು. ಆಸ್ಪತ್ರೆಯಲ್ಲಿ ಮೊಣಕೈ ಮೇಲಕ್ಕೆ ಕತ್ತರಿಸಿದರು. ಅರ್ಜಿ ಹಾಕಿದ ಮರುವಾರವೇ ಹನುಮವ್ವನನ್ನೂ ಗಿರಣಿಯವರು ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಎರಡು ಮಕ್ಕಳು, ಒಬ್ಬ ಮುದಿ ತಂದೆ. ಪರಿಹಾರ ಬಂದರೆ ಊರಿಗೆ ಹೋಗಿ ಎರಡು ಎಮ್ಮೆ ಕಟ್ಟಿ ಬದುಕುವುದು, ಬಾರದಿದ್ದರೆ ಏನು ಎಂದು ಅವರಿಗೇ ಗೊತ್ತಿರಲಿಲ್ಲ.

ಗಿರಣಿಯ ಪರವಾಗಿ ಒಬ್ಬ ವಕೀಲರು ಬಂದರು. ಅವರ ವಾದ ಚಿಕ್ಕದು. ನಮ್ಮ ನಿಯಮದಲ್ಲಿ ಒಂದು ಮಾತಿದೆ, ಈಗಲೂ ಇದೆ, ನೀವು ಓದಿರುತ್ತೀರಿ: ಕೆಲಸಗಾರನು ಯಂತ್ರದ ಅಪಾಯ ತಡೆಯಲು ಹಾಕಿದ ಮರೆಯನ್ನು ಬೇಕೆಂದೇ ತೆಗೆದು ಗಾಯ ಮಾಡಿಕೊಂಡರೆ ಧಣಿಯ ಮೇಲೆ ಹೊಣೆಯಿಲ್ಲ. ಆ ಚಕ್ರಗಳ ಮೇಲೆ ತಗಡಿನ ಮುಚ್ಚಳವಿತ್ತು. ಅದನ್ನು ತಿಪ್ಪಣ್ಣನೇ ಬಿಚ್ಚಿದ್ದ. ವಕೀಲರು ಇನ್ನೇನನ್ನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಮೂನೆಯಲ್ಲಿ ಮರೆಯ ಬಗ್ಗೆ ಒಂದು ಪ್ರಶ್ನೆ ಇದ್ದೇ ಇತ್ತು. ನಾನು ಕೇಳಿದೆ: ಮುಚ್ಚಳ ಯಾರು ತೆಗೆದರು? ‘ನಾನೇರೀ’ ಎಂದ. ಬರೆದುಕೊಂಡೆ. ಆಮೇಲಿನ ಪ್ರಶ್ನೆಗಳನ್ನು ಮುಗಿಸಿ, ಓದಿ ಹೇಳಿ, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದೆ.

ಕೆಲವು ದಿನಗಳ ಮೇಲೆ ಸಾಹೇಬರು ಬರೆದ ತೀರ್ಪಿನ ಕರಡು ಚೊಕ್ಕ ಪ್ರತಿ ಮಾಡಲು ನನ್ನ ಮೇಜಿಗೆ ಬಂತು. ಅರ್ಜಿ ವಜಾ. ಕಾರಣ ಒಂದೇ ವಾಕ್ಯ, ಆ ವಾಕ್ಯ ನನ್ನದು: ಮುಚ್ಚಳವನ್ನು ತಾನೇ ತೆಗೆದದ್ದಾಗಿ ಅರ್ಜಿದಾರ ಒಪ್ಪಿಕೊಂಡಿದ್ದಾನೆ. ನನ್ನ ಮಾತನ್ನೇ ನಾನು ನಕಲು ಮಾಡುತ್ತಿದ್ದೆ. ಅರ್ಧ ಪುಟ ಬರೆದಿದ್ದೆನೇನೋ. ಗಾಯವಾದ ತಾರೀಖು ಬರೆಯಬೇಕಾಗಿ ಬಂದು, ಪಂಚಾಂಗದ ಮನೆಯವನಾದ್ದರಿಂದ ಅಭ್ಯಾಸಬಲದಿಂದ ಮನಸ್ಸು ತಿಥಿ ಎಣಿಸಿತು. ಅಮಾವಾಸ್ಯೆ.

ಲೇಖಣಿ ಕೆಳಗಿಟ್ಟೆ. ನಮ್ಮ ಕಡೆ ಅಮಾವಾಸ್ಯೆ ಎಂದರೆ ಗಿರಣಿಗಳಲ್ಲಿ ಏನು ನಡೆಯುತ್ತದೆಂದು ಯಾರಿಗೆ ಗೊತ್ತಿಲ್ಲ? ಹತ್ತಿ ಹಾಕುವುದಿಲ್ಲ. ಯಂತ್ರಗಳನ್ನು ಒರೆಸಿ, ಮುಚ್ಚಳ ಬಿಚ್ಚಿ, ಚಕ್ರಗಳಿಗೆ ಕುಂಕುಮ ಹಚ್ಚುತ್ತಾರೆ. ಧಣಿ ಬಂದು ಕಾಯಿ ಒಡೆಯುತ್ತಾನೆ. ಆಗ ಇಂಜಿನ್ ಚಾಲೂ ಮಾಡಿ, ಕುಂಕುಮ ಹಚ್ಚಿದ ಚಕ್ರ ಬರಿದೇ ನಾಲ್ಕು ಸುತ್ತು ತಿರುಗುವುದನ್ನು ಎಲ್ಲರೂ ಕಣ್ತುಂಬ ನೋಡಿ ಕೈಮುಗಿಯುತ್ತಾರೆ. ಮುಚ್ಚಳ ಮುಚ್ಚಿದ್ದರೆ ನೋಡುವುದೇನನ್ನು? ತಿಂಗಳಿಗೊಮ್ಮೆ ಆ ಮುಚ್ಚಳ ತೆಗೆಯುವುದೇ ಎಣ್ಣೆಯಾಳಿನ ಕೆಲಸ. ತಿಪ್ಪಣ್ಣ ಬೇಕೆಂದೇ ಮರೆ ತೆಗೆದವನಲ್ಲ, ತೆಗೆಯಬೇಕಾದ್ದಕ್ಕೆ ತೆಗೆದವನು.

ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ, ಅತಿಯಾಗಿ ಗೊತ್ತಿದ್ದ ಸಂಗತಿ. ಅದಕ್ಕೇ ಬರೆಯಲಿಲ್ಲ. ಎಲ್ಲರಿಗೂ ತಿಳಿದದ್ದನ್ನು ಕಾಗದಕ್ಕೆ ಹಾಕಬೇಕೆಂದು ತೋಚುವುದಿಲ್ಲ. ಆದರೆ ಕಾಗದ ಓದುವವರು ಹೈದರಾಬಾದಿನವರು, ಅವರಿಗೆ ರಾಯಚೂರಿನ ಅಮಾವಾಸ್ಯೆ ಏನು ಗೊತ್ತು? ಪರವೂರಿನ ಮುನ್ಷಿಯಾಗಿದ್ದರೆ ಯಾಕೆ ತೆಗೆದೆ ಎಂದು ಕೇಳುತ್ತಿದ್ದನೇನೋ. ಊರಿನವನಾದ ನಾನು ಕೆಟ್ಟೆ.

ಖಾದರ್ ಸಾಹೇಬರ ಹತ್ತಿರ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ತೀರ್ಪಿಗೆ ಇನ್ನೂ ಸಹಿ ಆಗಿಲ್ಲ ಎಂಬುದು ಅವರಿಗೂ ಗೊತ್ತು. ಆದರೆ ನಾನು ಇನ್ನೂ ಖಾಯಂ ಆಗಿರಲಿಲ್ಲ ಎಂಬುದೂ ಗೊತ್ತು.

‘ನೀ ಬರದಿದ್ದು ಅರ್ಧ ಅದ ಅಂತ ನೀನಽ ಸಾಹೇಬ್ರ ಮುಂದ ಹೇಳಿದಿ ಅಂದ್ರ, ಇಲ್ಲೀತನಾ ನೀ ಬರದಿದ್ದೆಲ್ಲಾ ಅರ್ಧ ಇರಬೌದು ಅಂತ ಅವರು ತಿಳ್ಕೋತಾರ,’ ಎಂದರು. ‘ವಿಚಾರ ಮಾಡು ಮುನ್ಷಿ. ನಾ ಹೋಗು ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ.’

ಎರಡು ದಿನ ಆ ಕರಡನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡು ಕೂತೆ. ಶೂರನಂತೆ ಎದ್ದು ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿದ್ದೆ. ತಂದೆಗೆ ಕಣ್ಣು ಮಂಜಾಗಿತ್ತು, ತಂಗಿಯ ಮದುವೆ ಗೊತ್ತಾಗಿತ್ತು, ಮನೆಗೆ ಬರುವ ಸಂಬಳ ನನ್ನದೊಂದೇ. ಮೂರನೆಯ ದಿನ ಹನುಮವ್ವ ಕಚೇರಿಗೆ ಬಂದಳು. ತೀರ್ಪು ಯಾವಾಗ ಎಂದು ಕೇಳಲಿಕ್ಕೆ ಎಂದುಕೊಂಡೆ. ಅವಳು ಕೇಳಿದ್ದು ಬೇರೆ. ತಿಪ್ಪಣ್ಣ ಯಂತ್ರದೊಳಗಿನ ಹಿತ್ತಾಳೆ ಕದಿಯಲು ಮುಚ್ಚಳ ಬಿಚ್ಚಿದ್ದ ಎಂದು ಗಿರಣಿಯ ಕಡೆಯವರು ಹಬ್ಬಿಸಿದ್ದಾರಂತೆ. ಯುದ್ಧದ ಕಾಲ, ಹಿತ್ತಾಳೆಗೆ ಬೆಲೆ ಬಂದಿತ್ತು. ಮಾತು ಕಲ್ಲೂರಿಗೂ ಹೋಗಿತ್ತು. ಮಾವ ಮಗನ ಕೂಡ ಮಾತು ಬಿಟ್ಟಿದ್ದಾನೆ ಎಂದಳು.

‘ಕೈ ಹೋತು, ಹೋಗಲಿ ಯಪ್ಪಾ. ಕಳ್ಳ ಅಂತ ಹೆಸರು ಹೊತ್ತು ಊರಿಗಿ ಹ್ಯಾಂಗ ಹೋಗೂದು? ನಿಮ್ಮ ಕಾಗದದಾಗ ಹಂಗ ಬರದಾರೇನು?’

ಹಾಗೆ ಬರೆದಿಲ್ಲ ಎಂದೆ. ಬರೆಯದೆ ಬಿಟ್ಟದ್ದರಿಂದ ಅದೇ ಅರ್ಥ ಬರುತ್ತದೆ ಎಂದು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅವಳು ಹೋದ ಮೇಲೆ ಕರಡನ್ನು ತೆಗೆದುಕೊಂಡು ಸಾಹೇಬರ ಕೋಣೆಗೆ ಹೋದೆ.

ಸಾಹೇಬರು ಎಲ್ಲವನ್ನೂ ತಡೆಯದೆ ಕೇಳಿದರು. ನಂತರ ಅವರು ಕೇಳಿದ ಮೊದಲ ಪ್ರಶ್ನೆ: ಅವನು ಹೇಳಲಿಲ್ಲವೋ, ನೀನು ಬರೆಯಲಿಲ್ಲವೋ? ಅವನು ಹೇಳಲಿಲ್ಲ ಹುಜೂರ್, ನಾನೂ ಕೇಳಲಿಲ್ಲ ಎಂದೆ. ಇಂಥ ಪದ್ಧತಿ ಇದೆ ಎನ್ನುವುದಕ್ಕೆ ನಿನ್ನ ಮಾತಲ್ಲದೆ ಬೇರೆ ಏನಿದೆ ಎಂದರು. ತಿಂಗಳಿಗೊಮ್ಮೆ ತಮ್ಮ ಚಹದ ಜೊತೆಗೆ ಜವಾನ ಕೊಬ್ಬರಿ ಬೆಲ್ಲ ತಂದಿಡುತ್ತಾನಲ್ಲ ಹುಜೂರ್, ಅದು ಆ ಗಿರಣಿಯ ಅಮಾವಾಸ್ಯೆಯ ಪ್ರಸಾದ ಎಂದೆ. ಸಾಹೇಬರಿಗೆ ಸಿಟ್ಟು ಬಂದಿದೆ ಎಂದುಕೊಂಡೆ. ಮುಖದಲ್ಲಿ ಇದ್ದದ್ದು ಸಂಕೋಚ. ಟಾಂಗಾ ತರಿಸು ಎಂದರು.

ಮುನ್ಸೂಚನೆ ಕೊಡದೆ ಹೋದದ್ದರಿಂದ ಗಿರಣಿ ನಡೆಯುತ್ತಿತ್ತು. ಗಿರಣಿಯ ಧಣಿ ಸೇಠರು ಓಡಿಬಂದರು. ಸಾಹೇಬರು ಇಂಜಿನ್ ನಿಲ್ಲಿಸಲು ಹೇಳಿ, ತಿಪ್ಪಣ್ಣನ ಕೈ ಹೋದ ಯಂತ್ರದ ಮುಚ್ಚಳ ತೆಗೆಸಿದರು. ಒಳಗೆ ಚಕ್ರದ ನಡುಭಾಗದಲ್ಲಿ, ಎಣ್ಣೆ ತಾಗದ ಕಡೆ, ಕುಂಕುಮ ಪದರುಪದರಾಗಿ ಕಟ್ಟಿತ್ತು. ಮೇಲಿನದು ಕೆಂಪು, ಒಳಗಿನದು ಕಪ್ಪು. ಸಾಹೇಬರು ಜೇಬಿನಿಂದ ಚಾಕು ತೆಗೆದು ತಾವೇ ಕೆರೆದರು. ಬೆರಳಿನಷ್ಟು ದಪ್ಪ ಇತ್ತು. ನಾನು ನೋಡುತ್ತ ನಿಂತಿದ್ದೆ.

ಇದು ಕೂಲಿಕಾರರ ಭಕ್ತಿ, ನಾವು ಯಾರಿಗೂ ಮುಚ್ಚಳ ತೆಗೆಯಲು ಹೇಳಿಲ್ಲ ಎಂದರು ಸೇಠರು. ಸಾಹೇಬರು ಸುತ್ತ ನಿಂತ ಕೂಲಿಕಾರರನ್ನು ನನ್ನ ಮೂಲಕ ಕೇಳಿಸಿದರು: ಯಾರ ಮಾತಿನ ಮೇಲೆ ತೆಗೆಯುತ್ತೀರಿ? ಎಲ್ಲರೂ ನೆಲ ನೋಡಿದರು. ಅವರನ್ನು ನಾನು ಈಗಲೂ ದೂರುವುದಿಲ್ಲ. ಹನುಮವ್ವನಿಗೆ ಏನಾಯಿತೆಂದು ಅವರೆಲ್ಲ ನೋಡಿದ್ದರು. ಸಾಹೇಬರು ಇನ್ನು ಹೊರಡೋಣ ಎಂದು ತಿರುಗಿದಾಗ ಗಿರಣಿಯ ಹಳೆಯ ಮೇಸ್ತ್ರಿ ಹುಸೇನಪ್ಪ ಮುಂದೆ ಬಂದ. ಯಂತ್ರಗಳನ್ನು ಜೋಡಿಸಿದ ದಿನದಿಂದ ಅಲ್ಲಿದ್ದ ಮುದುಕ.

‘ಸೇಠರು ಕಾಯಿ ಒಡ್ಯಾಕ ಬರೂದ್ರಾಗ ಮುಚ್ಚಳ ತೆಗೀದಽ ಇದ್ರ ನಮಗ ಬೈಗಳ ಬೀಳ್ತಿತ್ತರೀ,’ ಎಂದ. ‘ಅವತ್ತ ಸೇಠರು ಜರಾ ಲಗೂ ಬಂದ್ರು. ಇಂಜಿನ್ನಿನವಗ ಚಾಲೂ ಮಾಡು ಅಂತ ಕೈ ಮಾಡಿದ್ರು. ತಿಪ್ಪಣ್ಣನ ಕೈ ಇನ್ನಾ ಒಳಗಿತ್ತು.’

ಆ ಹೇಳಿಕೆಯನ್ನು ಅಲ್ಲೇ, ಹತ್ತಿ ತುಂಬಿದ ಅಂಡಿಗೆ ಚೀಲದ ಮೇಲೆ ಕಾಗದ ಇಟ್ಟುಕೊಂಡು ಬರೆದುಕೊಂಡೆ. ನಮೂನೆ ತಂದಿರಲಿಲ್ಲ. ಅವನು ಎಷ್ಟು ಹೇಳಿದನೋ ಅಷ್ಟನ್ನೂ ಬರೆದೆ. ಮುಂದಿನ ಹಂಗಾಮಿಗೆ ಹುಸೇನಪ್ಪನನ್ನು ಗಿರಣಿಯವರು ತೆಗೆದುಕೊಳ್ಳಲಿಲ್ಲ ಎಂದು ಆಮೇಲೆ ತಿಳಿಯಿತು. ಅವನ ಋಣ ಯಾವ ನಿಯಮದಲ್ಲೂ ತೀರಲಿಲ್ಲ.

ಸಾಹೇಬರು ಕರಡನ್ನು ಹರಿದು ಹೊಸ ತೀರ್ಪು ಬರೆದರು. ಮುಚ್ಚಳ ತೆಗೆದದ್ದು ಧಣಿಯ ಪದ್ಧತಿಯಂತೆ, ಧಣಿಯ ಕೆಲಸದ ಭಾಗವಾಗಿ ಎಂದು ಸ್ಪಷ್ಟವಾಗಿ ಹಾಕಿದರು. ಪರಿಹಾರ ಮಂಜೂರಾಯಿತು. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ಖಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಖಾದರ್ ಸಾಹೇಬರು ಅದನ್ನು ಕೈಗೆ ಕೊಡುವಾಗ, ಅಗ್ಗಕ್ಕೆ ಆತು ನಿನಗ ಎಂದರು. ನಮೂನೆಯ ಕೊನೆಗೆ ಒಂದು ಪ್ರಶ್ನೆಯನ್ನು ಅವರೇ ಕೈಬರಹದಲ್ಲಿ ಸೇರಿಸತೊಡಗಿದರು: ಇನ್ನೇನಾದರೂ ಹೇಳುವುದಿದೆಯೇ? ಎದುರಿಗೆ ಅರ್ಧ ಪುಟ ಖಾಲಿ ಜಾಗ. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಇಂಗ್ಲಿಷ್ ನಮೂನೆ ಬಂತು, ಆಮೇಲೆ ಕನ್ನಡದ್ದು ಬಂತು. ನನ್ನ ಮೇಜಿನಲ್ಲಿ ಆ ಪ್ರಶ್ನೆ ಇಲ್ಲದ ನಮೂನೆ ಒಂದು ದಿನವೂ ಇರಲಿಲ್ಲ.

ತೀರ್ಪು ಕೇಳಲು ತಿಪ್ಪಣ್ಣ ಹನುಮವ್ವನ ಜೊತೆ ಬಂದ. ತಂದೆಯನ್ನೂ ಕರೆತಂದಿದ್ದರು. ಮುದುಕ ಮಗನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ನಾನು ಎಲ್ಲರನ್ನೂ ಕೂಡಿಸಿ, ಉರ್ದು ತೀರ್ಪನ್ನು ಕನ್ನಡದಲ್ಲಿ ಓದಿ ಹೇಳಿದೆ. ಎಷ್ಟು ಹಣ ಎಂಬುದಕ್ಕೆ ತಿಪ್ಪಣ್ಣ ತಲೆ ಅಲ್ಲಾಡಿಸಿದ, ಅಷ್ಟೇ. ಮುಚ್ಚಳ ಯಾಕೆ ತೆಗೆದ ಎಂಬುದು ಬಂದಾಗ, ‘ಅದನ್ನ ಇನ್ನೊಮ್ಮೆ ಓದ್ರಿ, ನಮ್ಮಪ್ಪಗ ಕೇಳೂ ಹಂಗ’ ಎಂದ. ಇನ್ನೊಮ್ಮೆ ಓದಿದೆ. ಮುದುಕ ಎದ್ದು ಬಂದು ಮಗನ ಪಕ್ಕದಲ್ಲಿ, ಕೈಯಿಲ್ಲದ ಕಡೆಗೆ ಕೂತ. ಅಂಗಿಯ ಖಾಲಿ ತೋಳನ್ನು ಹಿಡಿದುಕೊಂಡು ಕೂತ. ನನಗೆ ಅಳು ಬಂತು, ಮುಚ್ಚಿಡಲಿಲ್ಲ.

ಅವರು ಹೊರಟಾಗ ತಿಪ್ಪಣ್ಣನನ್ನು ಜಗಲಿಯಲ್ಲಿ ತಡೆದು ನಿಲ್ಲಿಸಿದೆ. ಅವತ್ತು ನಾನೇ ಕೇಳಬೇಕಾಗಿತ್ತು, ಕೇಳದೆ ತಪ್ಪು ಮಾಡಿದೆ ಎಂದೆ.

‘ನಾ ಹೇಳಾಕತ್ತಿದ್ದೆರೀ,’ ಎಂದ ಅವನು. ‘ಅವತ್ತ ಅಮಾಸಿ ಇತ್ತು ಅಂತ ಅಂದೆ. ನೀವು ಕೈ ಎತ್ತಿ, ಸಾಕು, ಮುಂದಿಂದು ಹೇಳು ಅಂದ್ರಿ.’

ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಹೇಳಿದ್ದು ನಿಜ. ಕರಡು ನಕಲು ಮಾಡುವಾಗ ತಿಥಿ ಹೊಳೆದ ಕೂಡಲೇ ಅದು ನನಗೆ ನೆನಪಾಗಿತ್ತು. ಸಾಹೇಬರು ನೇರವಾಗಿ ಕೇಳಿದಾಗ, ಅವನು ಹೇಳಲಿಲ್ಲ ಎಂದಿದ್ದೆ. ಬರೆಯಲು ತಪ್ಪಿದವನಿಗೆ ಎಚ್ಚರಿಕೆಯ ಪತ್ರ ಸಿಗುತ್ತದೆ, ಬಾಯಿ ಮುಚ್ಚಿಸಿದವನು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾನೆ ಎಂದು ನನಗೆ ಗೊತ್ತಿತ್ತು. ಧೈರ್ಯ ಮಾಡಿದೆ ಎಂದು ನಾನು ತಿಳಿದುಕೊಂಡ ಹೊತ್ತಿನಲ್ಲಿ ಅರ್ಧ ತಪ್ಪನ್ನು ಇವನ ಹೆಗಲಿಗೆ ದಾಟಿಸಿ ಬಂದಿದ್ದೆ. ಆಮೇಲೆ ಸಾಹೇಬರು ಖಾದರ್ ಸಾಹೇಬರನ್ನು ದುಭಾಷಿಯಾಗಿ ಇಟ್ಟುಕೊಂಡು ಇವನನ್ನು ಒಮ್ಮೆ ಒಳಗೆ ಕರೆಸಿಕೊಂಡಿದ್ದರು. ಆಗ ಇವನು ಒಂದು ಮಾತು ಆಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಸಾಹೇಬರ ಮುಂದೆ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಯಾರೂ ಕೇಳಲಿಲ್ರೀ,’ ಎಂದ.